ಊರು ಬಿಟ್ಟವರು ಬೆಳೆಸಿದ ಚಾನೆಲ್

ಆಕಾಶವಾಣಿ ಮಂಗಳೂರು ಕೇಂದ್ರದ ಕೇಳುಗರಿಗೆ ನಮಸ್ಕಾರ.

1990ರ ಜೂನ್ 21. ಇಟಲಿಯಲ್ಲಿ ಫುಟ್‌ಬಾಲ್ ವಿಶ್ವಕಪ್. ಅಂದು ರಾತ್ರಿ ಒಂದೇ ಹೊತ್ತಿಗೆ ಎರಡು ಪಂದ್ಯಗಳಿದ್ದವು. ಇಂಗ್ಲೆಂಡ್ ಆಡಿದ್ದು ಈಜಿಪ್ಟ್ ಮೇಲೆ. ಪಲೆರ್ಮೊ ನಗರದಲ್ಲಿ ಐರ್ಲೆಂಡ್ ಆಡಿದ್ದು ನೆದರ್ಲೆಂಡ್ಸ್ ಮೇಲೆ. ಐರ್ಲೆಂಡಿಗೆ ಅದೇ ಮೊದಲ ವಿಶ್ವಕಪ್. ಲಂಡನ್‌ನಲ್ಲಿ ದುಡಿಯಲು ಬಂದಿದ್ದ ಐರಿಶ್ ಜನರು ಆ ಪಂದ್ಯ ನೋಡಲೇಬೇಕು ಅಂತ ಕಾದಿದ್ದರು. ಆದರೆ ಬ್ರಿಟನ್ನಿನ ಟೀವಿಯಲ್ಲಿ ಬಂದದ್ದು ಇಂಗ್ಲೆಂಡಿನ ಪಂದ್ಯ. ಅದು ಸಹಜವೇ, ಅವರ ದೇಶ, ಅವರ ತಂಡ.

ಆಗ ಮೈಕಲ್ ಓ'ರೂರ್ಕ್ ಮತ್ತು ಲೆನರ್ಡ್ ರಯಾನ್ ಎಂಬ ಇಬ್ಬರು ಐರಿಶ್ ತರುಣರು ಲಂಡನ್ನಿನ ಈಲಿಂಗ್ ಎಂಬಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದರು. ಪಂದ್ಯದ ನೇರ ಪ್ರಸಾರವನ್ನು ಅಲ್ಲಿಗೆ ತರಿಸಿದರು. ಬಾಗಿಲಲ್ಲಿ ನಿಂತು ಟಿಕೆಟ್ ದುಡ್ಡು ತೆಗೆದುಕೊಂಡರು. ಜನ ಬಂದರು. ಪಂದ್ಯ 1-1 ಡ್ರಾ ಆಯಿತು, ಐರ್ಲೆಂಡ್ ಮುಂದಿನ ಸುತ್ತಿಗೆ ಹೋಯಿತು. ಆ ಹಾಲ್‌ನಿಂದ ಹುಟ್ಟಿದ ಕಂಪನಿಯೇ ಸೆಟಾಂಟಾ ಸ್ಪೋರ್ಟ್ಸ್. ದುಡ್ಡು ಕೊಟ್ಟು ನೋಡುವ ಕ್ರೀಡಾ ಚಾನೆಲ್ ಆಗಿ ಅದು ಮುಂದೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಏಷ್ಯಾ, ಆಫ್ರಿಕಾವರೆಗೆ ಹಬ್ಬಿತು.

ಈ ಕಥೆಯನ್ನು ಮಂಗಳೂರಿನಲ್ಲಿ ಕೂತು ಹೇಳಲು ನನಗೆ ಒಂದು ಕಾರಣ ಇದೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಯಾರಾದರೂ ಒಬ್ಬರು ಹೊರಗೆ ಇಲ್ಲದ ಮನೆ ಸಿಗುವುದು ಕಷ್ಟ. ಮುಂಬಯಿಯಲ್ಲಿ ಮಾವ, ದುಬೈಯಲ್ಲಿ ಅಣ್ಣ, ಕುವೈತ್‌ನಲ್ಲಿ ಭಾವ, ಮಸ್ಕತ್‌ನಲ್ಲಿ ಮಗಳು ಅಳಿಯ. ಅವರೆಲ್ಲ ಊರಿನ ಆಟವನ್ನು ಎಷ್ಟು ಆಸೆಯಿಂದ ನೋಡುತ್ತಾರೆ ಅಂತ ನಮಗೆ ಗೊತ್ತು. ಆ ಆಸೆಯನ್ನು ನಾವು ಇನ್ನೂ ಸರಿಯಾಗಿ ಗಮನಿಸಿಲ್ಲ ಅಂತ ನನಗೆ ಅನ್ನಿಸುತ್ತದೆ.

ಸೆಟಾಂಟಾ ಬೆಳೆದ ದಾರಿಯನ್ನು ಸ್ವಲ್ಪ ನೋಡೋಣ. ಚಾನೆಲ್ ಅಂದರೆ ಮನೆಮನೆಗೆ ಬರುವುದು ಅಂತ ನಾವು ತಿಳಿದಿದ್ದೇವೆ. ಇವರು ಮೊದಲು ಹಿಡಿದದ್ದು ಪಬ್‌ಗಳನ್ನು. ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್, ಹರ್ಲಿಂಗ್ ಅಂತ ಎರಡು ಆಟಗಳಿವೆ. ಅವು ಅಲ್ಲಿನ ಹಳ್ಳಿಹಳ್ಳಿಯ ಆಟ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆ ಕಾಲದಲ್ಲಿ ಫೈನಲ್ ನಡೆಯುತ್ತಿದ್ದದ್ದು ಸೆಪ್ಟೆಂಬರ್ ತಿಂಗಳ ಭಾನುವಾರ ಮಧ್ಯಾಹ್ನ, ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ. 80 ಸಾವಿರಕ್ಕೂ ಜಾಸ್ತಿ ಜನ ಹಿಡಿಸುವ ಮೈದಾನ ಅದು. ಅಲ್ಲಿ ಮಧ್ಯಾಹ್ನ ಅಂದರೆ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ, ಸಿಡ್ನಿಯಲ್ಲಿ ನಡುರಾತ್ರಿ. ಆ ಊರುಗಳಲ್ಲಿ ಐರಿಶ್ ಪಬ್‌ಗಳಿಗೆ ಕೊರತೆ ಇರಲಿಲ್ಲ. ಪಬ್‌ನ ಯಜಮಾನ ಡಿಶ್ ಹಾಕಿಸಿ ಕಂಪನಿಗೆ ದುಡ್ಡು ಕಟ್ಟುತ್ತಿದ್ದ. ನೋಡಲು ಬಂದವರು ಬಾಗಿಲಲ್ಲಿ ಅವನಿಗೆ ಕೊಡುತ್ತಿದ್ದರು. ತಮ್ಮ ಜಿಲ್ಲೆಯ ತಂಡದ ಬಣ್ಣದ ಜೆರ್ಸಿ ಹಾಕಿಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಬಂದು ನಿಲ್ಲುತ್ತಿದ್ದರು. ಅವರನ್ನು ಜಾಹೀರಾತು ಕೊಟ್ಟು ಕರೆಯಬೇಕಾಗಿರಲಿಲ್ಲ.

ಈ ಆಟಗಳ ಸಂಘ, ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, 1884ರಲ್ಲಿ ಶುರುವಾದದ್ದು. ಆಡುವವರಿಗೆ ಇವತ್ತಿಗೂ ಸಂಬಳ ಇಲ್ಲ. ಭಾನುವಾರ ಅಷ್ಟು ಜನರ ಎದುರು ಫೈನಲ್ ಆಡಿದವನು ಮತ್ತೆ ಶಾಲೆಗೋ ಹೊಲಕ್ಕೋ ಆಫೀಸಿಗೋ ಹೋಗಬೇಕು. ಆಡುವುದು ಊರಿಗಾಗಿ, ಊರಿನ ಹೆಸರಿಗಾಗಿ.

ಇದನ್ನು ಕೇಳುವಾಗ ನಿಮಗೂ ಕಂಬಳ ನೆನಪಾಗಿರಬೇಕು, ಅಲ್ವಾ? ವರ್ಷವಿಡೀ ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಈಜಿಸಿ ಸಾಕುವ ಮನೆಯವರಿಗೆ ಗೆದ್ದರೆ ಸಿಗುವ ಚಿನ್ನ ಖರ್ಚಿನ ಲೆಕ್ಕಕ್ಕೆ ಏನೂ ಅಲ್ಲ. ಮನೆಯ ಹೆಸರು, ಊರಿನ ಹೆಸರು ಮೈಕಿನಲ್ಲಿ ಕೇಳಬೇಕು, ಅಷ್ಟೇ.

ಈಗ ಕಂಬಳದ ಕರೆಯ, ಅಂದರೆ ಕೋಣ ಓಡುವ ಕೆಸರುಗದ್ದೆಯ, ಹತ್ತಿರ ಬನ್ನಿ. ರಾತ್ರಿ ಹನ್ನೆರಡು ಗಂಟೆ. ಓಟ ಶುರುವಾಗುವ ಗಂತಿನಲ್ಲಿ ಎರಡು ಜೋಡಿ ಕೋಣಗಳು ನಿಲ್ಲದೆ ಮಿಸುಕುತ್ತಿವೆ. ಆರೇಳು ಜನ ಹಿಡಿದು ನಿಂತಿದ್ದಾರೆ. ಬಿಟ್ಟ ಕೂಡಲೇ ಕೆಸರುನೀರು ಎರಡಾಳು ಎತ್ತರ ಹಾರುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಓಟ ಮುಗಿಯುವ ಜಾಗ, ಮಂಜೊಟ್ಟಿ. ಮಂಜೊಟ್ಟಿಯ ಪಕ್ಕದ ಅಟ್ಟಣಿಗೆಯ ಮೇಲೆ ಒಬ್ಬ ಹುಡುಗ ಕ್ಯಾಮೆರಾ ಹಿಡಿದಿದ್ದಾನೆ. ಪ್ರತಿ ಓಟ ಮುಗಿದ ಮೇಲೆ ಲೆನ್ಸಿನ ಮೇಲೆ ಸಿಡಿದ ಕೆಸರನ್ನು ಬನಿಯನ್ ಬಟ್ಟೆಯಿಂದ ಒರೆಸುತ್ತಾನೆ. ಕೆಳಗೆ ಲ್ಯಾಪ್‌ಟಾಪ್ ಎದುರು ಕೂತವನ ಪರದೆಯಲ್ಲಿ ಮೆಸೇಜುಗಳು ಓಡುತ್ತಲೇ ಇರುತ್ತವೆ. ನಮ್ಮಲ್ಲಿ ಹನ್ನೆರಡು ಅಂದರೆ ದುಬೈಯಲ್ಲಿ ಹತ್ತೂವರೆ. ಡ್ಯೂಟಿ ಮುಗಿಸಿ ಬಂದು ರೂಮಿನಲ್ಲಿ ನಾಲ್ಕು ಜನ ಒಂದು ಮೊಬೈಲ್ ಎದುರು ಕೂತಿರುತ್ತಾರೆ. ಅಡ್ಡಹಲಗೆ ಮುಗಿಯಿತಾ? ನೇಗಿಲು ಹಿರಿಯದಲ್ಲಿ ನಮ್ಮ ಊರಿನ ಕೋಣ ಯಾವಾಗ? ಓಟದ ಒಂದೊಂದು ವಿಭಾಗದ ಬಗ್ಗೆಯೂ ಹೀಗೆ ಪ್ರಶ್ನೆಗಳು ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಬರುತ್ತವೆ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಆ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ಓಟದ ವಿಡಿಯೋ ನೋಡಿದವರಿಗೆ ಲೆಕ್ಕವಿಲ್ಲ. ಕಂಬಳ ಅಂದರೇನು ಅಂತ ಗೊತ್ತಿಲ್ಲದವರೂ ನೋಡಿದರು.

ಹೊರಗಿನಿಂದ ನಮ್ಮ ಕಡೆಗೂ ಚಾನೆಲ್‌ಗಳು ಬಂದವು, ಅದನ್ನೂ ಹೇಳಬೇಕು. ಮೊದಲು ಕ್ರಿಕೆಟ್ ಪ್ರಸಾರ ಅಂದರೆ ದೂರದರ್ಶನ ಮಾತ್ರ. 1993ರ ಹೀರೋ ಕಪ್ ಹೊತ್ತಿಗೆ ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಗೆ ಕೊಟ್ಟಿತು. ಜಗಳ ಕೋರ್ಟಿಗೆ ಹೋಯಿತು. ಪ್ರಸಾರದ ತರಂಗಗಳು ಸಾರ್ವಜನಿಕರ ಸೊತ್ತು, ಅದರ ಮೇಲೆ ಸರಕಾರ ಒಂದಕ್ಕೇ ಪೂರ್ತಿ ಹಿಡಿತ ಇರಕೂಡದು ಅಂತ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಬಾಗಿಲು ತೆರೆಯಿತು. ಕೇಬಲ್‌ನವರು ತೆಂಗಿನ ಮರದಿಂದ ತೆಂಗಿನ ಮರಕ್ಕೆ ವಯರ್ ಕಟ್ಟಿ ತೋಟ ದಾಟಿಸಿ ಮನೆಗೆ ಕೊಟ್ಟರು. ಮಳೆಗಾಲದಲ್ಲಿ ಸಿಡಿಲು ಬಡಿದರೆ ಪೂರ್ತಿ ಲೈನ್ ಹೋಗುತ್ತಿತ್ತು. 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂತು. ಅದನ್ನು ಶುರು ಮಾಡಿದ್ದು ಶಾರ್ಜಾದಲ್ಲಿ ಕ್ರಿಕೆಟ್ ಸ್ಟೇಡಿಯಂ ಕಟ್ಟಿಸಿದ ಅಬ್ದುಲ್ ರಹಮಾನ್ ಬುಖಾತಿರ್ ಅವರ ಕಂಪನಿ. ನಡೆಸುತ್ತಿದ್ದದ್ದು ದುಬೈಯಿಂದ. ಆ ವರ್ಷದ ಫುಟ್‌ಬಾಲ್ ವಿಶ್ವಕಪ್ಪನ್ನು ನಾವು ನೋಡಿದ್ದು ಅದರಲ್ಲೇ. ನಮ್ಮವರು ದುಡಿಯಲು ಹೋದ ಊರಿನಿಂದಲೇ ನಮ್ಮ ಮನೆಗೆ ಆಟ ಬಂದಂತಾಯಿತು. ಆ ಚಾನೆಲ್ ಮುಂದೆ ಝೀ ಕೈಗೆ, ಅಲ್ಲಿಂದ ಸೋನಿ ಕೈಗೆ ಹೋಯಿತು.

ಈಗ ಸೆಟಾಂಟಾ ಎಡವಿದ ಕಡೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ 1992ರಿಂದಲೂ ಸ್ಕೈ ಚಾನೆಲ್ಲಿನ ಕೈಯಲ್ಲಿತ್ತು. ಎಲ್ಲವನ್ನೂ ಒಬ್ಬರಿಗೇ ಕೊಡಬಾರದು ಅಂತ ಯುರೋಪಿಯನ್ ಕಮಿಷನ್ ಪಟ್ಟು ಹಿಡಿಯಿತು. ಹಾಗಾಗಿ 2006ರಲ್ಲಿ ಪಂದ್ಯಗಳನ್ನು ಆರು ಪಾಲು ಮಾಡಿ ಹರಾಜು ಹಾಕಿದರು. ನಾಲ್ಕು ಪಾಲು ಸ್ಕೈಗೆ. ಎರಡು ಪಾಲನ್ನು ಸೆಟಾಂಟಾ 39 ಕೋಟಿ 20 ಲಕ್ಷ ಪೌಂಡ್‌ಗೆ ಹಿಡಿಯಿತು. ಅದು ಮೂರು ಸೀಸನ್ನಿನ ಬೆಲೆ, ಸೀಸನ್ನಿಗೆ 46 ಪಂದ್ಯ. ಸ್ಕಾಟ್ಲೆಂಡಿನ ಲೀಗ್ ಅದಕ್ಕೂ ಮೊದಲೇ ಕೈಯಲ್ಲಿತ್ತು. ಆಮೇಲೆ ಇಂಗ್ಲೆಂಡಿನ ಕ್ಲಬ್‌ಗಳ ಇನ್ನೊಂದು ಟೂರ್ನಿಯಾದ ಎಫ್‌ಎ ಕಪ್ ತೆಗೆದುಕೊಂಡರು. ಇಂಗ್ಲೆಂಡ್ ತಂಡ ಹೊರದೇಶದಲ್ಲಿ ಆಡುವ ಪಂದ್ಯಗಳನ್ನೂ ತೆಗೆದುಕೊಂಡರು.

ತಿಂಗಳಿಗೆ ಸುಮಾರು 10 ಪೌಂಡ್ ಕಟ್ಟುವ ಚಂದಾದಾರರಿಂದ ಇಷ್ಟೂ ಹಣ ಹುಟ್ಟಬೇಕಿತ್ತು. ಖರ್ಚು ಸರಿದೂಗಲು ಸುಮಾರು 19 ಲಕ್ಷ ಚಂದಾದಾರರು ಬೇಕಾಗಿದ್ದರು ಅಂತ ಆಗಿನ ವರದಿಗಳು ಹೇಳಿದವು. ಇದ್ದದ್ದು 12 ಲಕ್ಷದ ಆಸುಪಾಸು. 2008ರ ಸೆಪ್ಟೆಂಬರ್‌ನಲ್ಲಿ ಝಾಗ್ರೆಬ್‌ನಲ್ಲಿ ಇಂಗ್ಲೆಂಡ್ ಕ್ರೊಯೇಷಿಯಾವನ್ನು 4-1ರಿಂದ ಸೋಲಿಸಿತು. ಥಿಯೋ ವಾಲ್ಕಾಟ್ ಮೂರು ಗೋಲು ಹೊಡೆದ. ಅಂಥ ರಾತ್ರಿಯನ್ನು ಇಂಗ್ಲೆಂಡಿನ ಹೆಚ್ಚಿನ ಜನರು ನೋಡಲೇ ಇಲ್ಲ. ಯಾಕೆಂದರೆ ಪಂದ್ಯ ಬಂದದ್ದು ಸೆಟಾಂಟಾದಲ್ಲಿ ಮಾತ್ರ. ಜನ ಸಿಟ್ಟಾದರು. 1990ರಲ್ಲಿ ತಮ್ಮ ತಂಡದ ಆಟ ಕಾಣದವರಿಗಾಗಿ ಹುಟ್ಟಿದ ಕಂಪನಿ ಇದು. 18 ವರ್ಷ ಆದ ಮೇಲೆ ಅದೇ ಇನ್ನೊಬ್ಬರಿಗೆ ಅವರ ತಂಡದ ಆಟ ಕಾಣದಂತೆ ಮಾಡಿತು. ನನಗೆ ಇಡೀ ಕಥೆಯಲ್ಲಿ ತುಂಬಾ ಬೇಸರ ತರಿಸುವುದು ಇದು.

2009ರ ಜೂನ್‌ನಲ್ಲಿ ಪ್ರೀಮಿಯರ್ ಲೀಗಿಗೆ ಕಟ್ಟಬೇಕಾದ ಒಂದು ಕೋಟಿ ಪೌಂಡ್ ಕಂತು ಕಟ್ಟಲಾಗಲಿಲ್ಲ. ಹಕ್ಕು ಕೈತಪ್ಪಿತು, ಇಎಸ್‌ಪಿಎನ್ ಬಂದು ಅದನ್ನು ಎತ್ತಿಕೊಂಡಿತು. ಬ್ರಿಟನ್ನಿನಲ್ಲಿ ಸೆಟಾಂಟಾ ಬಾಗಿಲು ಮುಚ್ಚಿತು. ನೂರಾರು ಜನರ ಕೆಲಸ ಹೋಯಿತು. ಸ್ಕಾಟ್ಲೆಂಡಿನ ಸಣ್ಣ ಕ್ಲಬ್‌ಗಳು ಆ ಹಣವನ್ನು ನಂಬಿ ಆಟಗಾರರಿಗೆ ಸಂಬಳ ಒಪ್ಪಿಕೊಂಡಿದ್ದವು. ಅವೂ ಕಷ್ಟಕ್ಕೆ ಬಿದ್ದವು. ಐರ್ಲೆಂಡಿನ ಚಾನೆಲ್ ಮಾತ್ರ ಇನ್ನೂ ಕೆಲವು ವರ್ಷ ನಡೆಯಿತು. ಆಸ್ಟ್ರೇಲಿಯಾದ್ದು 2014ರಲ್ಲಿ ಕತಾರಿನ ಬಿಇನ್ ಎಂಬ ಕ್ರೀಡಾ ಚಾನೆಲ್ಲಿನ ಪಾಲಾಯಿತು. ಅಲ್ ಜಝೀರಾ ಸ್ಪೋರ್ಟ್ ಅಂತ 2003ರಲ್ಲಿ ದೋಹಾದಲ್ಲಿ ಹುಟ್ಟಿದ ಅದು 2012ರಲ್ಲಿ ಫ್ರಾನ್ಸ್, ಅಮೆರಿಕಕ್ಕೆ ಕಾಲಿಟ್ಟಿತು. ಅದರ ಬೆಳವಣಿಗೆಯೇ ಬೇರೆ ರೀತಿಯದು, ಹಿಂದೆ ದೇಶದ ಹಣ ಇತ್ತು. ಆ ಮಾತು ಇವತ್ತಿಗೆ ಬೇಡ.

ಗೇಲಿಕ್ ಆಟಗಳ ಸಂಘ ಆಮೇಲೆ ಏನು ಮಾಡಿತು ಅನ್ನುವುದು ನಮಗೆ ಜಾಸ್ತಿ ಮುಖ್ಯ. 2014ರಲ್ಲಿ ಅದು ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಜೊತೆ ಸೇರಿ ತನ್ನದೇ ಇಂಟರ್‌ನೆಟ್ ಪ್ರಸಾರ ಶುರು ಮಾಡಿತು. ಅದು ಹೊರದೇಶದಲ್ಲಿರುವವರಿಗಾಗಿ. ಯಾವ ಊರಿನಲ್ಲಿದ್ದರೂ ಚಂದಾ ಕಟ್ಟಿ ನೋಡಬಹುದು. ಆ ದುಡ್ಡಿನಲ್ಲಿ ಆಟ ನಡೆಸುವವರಿಗೂ ನೇರ ಪಾಲು ಇರುತ್ತದೆ. ಅದು ಚೆನ್ನಾಗಿ ನಡೆಯಿತು. 2023ರಲ್ಲಿ ಕೆಲವು ದೊಡ್ಡ ಪಂದ್ಯಗಳನ್ನು ಐರ್ಲೆಂಡಿನ ಒಳಗೂ ದುಡ್ಡು ಕೊಟ್ಟವರಿಗೆ ಮಾತ್ರ ತೋರಿಸಿದಾಗ ಗಲಾಟೆ ಎದ್ದಿತು. ಊರಿನ ಆಟವನ್ನು ಊರಿನ ಅಜ್ಜ ಅಜ್ಜಿಯರಿಗೆ ಕಾಣದಂತೆ ಮಾಡುತ್ತೀರಾ ಅಂತ ಜನ ಕೇಳಿದರು. ಮಂತ್ರಿಗಳೂ ಮಾತೆತ್ತಿದರು.

ನಮ್ಮಲ್ಲಿ ಕಂಬಳದ ಕಾನೂನಿನ ತಕರಾರು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಹುಮಟ್ಟಿಗೆ ಮುಗಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಇನ್ನು ದೊಡ್ಡ ಚಾನೆಲ್‌ಗಳು ಕೇಳಿಕೊಂಡು ಬರುವ ದಿನ ದೂರ ಇಲ್ಲ. ಮಣ್ಣಿನ ಅಂಗಳದ ಕಬಡ್ಡಿ 2014ರಲ್ಲಿ ಪ್ರೊ ಕಬಡ್ಡಿಯಾಗಿ ಟೀವಿಗೆ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರಿಂದ ಆಟಗಾರರಿಗೆ ಒಳ್ಳೆಯದೇ ಆಯಿತು. ಕಂಬಳಕ್ಕೂ ಆಗಲಿ. ಆದರೆ ಕಾಗದಕ್ಕೆ ಸಹಿ ಹಾಕುವ ಮೊದಲು ಕಂಬಳ ಸಮಿತಿಯ ಹಿರಿಯರು ಒಂದಿಷ್ಟು ವಿಷಯ ಮಾತಾಡಿಕೊಳ್ಳಬೇಕು ಅಂತ ನನ್ನ ಕೋರಿಕೆ.

ಹಕ್ಕನ್ನು ಒಂದೆರಡು ಸೀಸನ್ನಿಗೆ ಮಾತ್ರ ಕೊಡಿ. ಜಾಸ್ತಿ ಹಣದ ಆಸೆಗೆ ಹತ್ತು ವರ್ಷಕ್ಕೆ ಬರೆದುಕೊಡಬೇಡಿ. ತೆಗೆದ ವಿಡಿಯೋದ ಒಂದು ಪೂರ್ತಿ ಪ್ರತಿ ಸಮಿತಿಯ ಹತ್ತಿರ ಇರಲಿ. ಇಲ್ಲದಿದ್ದರೆ ನಾಳೆ ನಮ್ಮದೇ ಕೋಣಗಳ ಓಟವನ್ನು ನಾವೇ ಬೇಡಿ ಪಡೆಯಬೇಕಾದೀತು. ಹೊರದೇಶದಲ್ಲಿ ಹಾಲ್ ಹಿಡಿದು, ಹೋಟೆಲಿನಲ್ಲಿ ದೊಡ್ಡ ಪರದೆ ಹಾಕಿ ತೋರಿಸುವವರಿಂದ ಧಾರಾಳವಾಗಿ ದುಡ್ಡು ತೆಗೆದುಕೊಳ್ಳಿ, ಅವರು ಸಂತೋಷದಿಂದ ಕೊಡುತ್ತಾರೆ. ಅದರಲ್ಲಿ ಒಂದು ಪಾಲು ಕೋಣ ಓಡಿಸುವ ಹುಡುಗರಿಗೆ ಸಿಗಲಿ. ಕರೆಯಲ್ಲಿ ಬಿದ್ದು ಕೈಕಾಲು ಮುರಿದುಕೊಂಡರೆ ಆಸ್ಪತ್ರೆ ಖರ್ಚಿಗಾದರೂ ಆಗುತ್ತದೆ. ಊರಿನೊಳಗೆ ಮಾತ್ರ ಎಲ್ಲರೂ ಸುಮ್ನೆ ನೋಡುವಂತಿರಲಿ.

ರೇಡಿಯೋವನ್ನೂ ಮರೆಯಬೇಡಿ. ರಾಷ್ಟ್ರೀಯ ಮಹತ್ವದ್ದು ಅಂತ ಸರಕಾರ ಗುರುತಿಸಿದ ಪಂದ್ಯಗಳನ್ನು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು ಅಂತ ನಮ್ಮ ದೇಶದಲ್ಲಿ 2007ರ ಕಾನೂನು ಇದೆ. ಜಾಹೀರಾತಿನ ಆದಾಯದಲ್ಲಿ ಹಕ್ಕು ಇದ್ದವರಿಗೆ ಟೀವಿಯಲ್ಲಿ ಕಡಿಮೆಯೆಂದರೆ ನೂರಕ್ಕೆ 75, ರೇಡಿಯೋದಲ್ಲಿ 50. ಕಂಬಳ ಆ ಪಟ್ಟಿಯಲ್ಲಿ ಬರುವುದಿಲ್ಲ. ಆದ್ದರಿಂದ ಸಮಿತಿಯವರೇ ತಮ್ಮ ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಬೇಕು: ಧ್ವನಿ ಪ್ರಸಾರ ಆಕಾಶವಾಣಿಗೆ ಉಚಿತ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ, ಬೀಡಿ ಕಟ್ಟುತ್ತಾ ಕೇಳುವವರು ಇನ್ನೂ ಬಹಳ ಜನ ಇದ್ದಾರೆ. ನವೆಂಬರಿನಲ್ಲಿ ಕಂಬಳದ ಸೀಸನ್ ಶುರುವಾಗುತ್ತದೆ. ಸಮಿತಿಯ ಸಭೆಗಳು ಅದಕ್ಕೂ ಮೊದಲೇ ನಡೆಯುತ್ತವೆ. ನಿಮ್ಮ ಊರಿನ ಸಭೆಯಲ್ಲಿ ಈ ವಿಷಯವನ್ನು ದಯವಿಟ್ಟು ಎತ್ತಿ.

ನಮಸ್ಕಾರ.