ಮೊದಲು ಬಿಲ್ ಓದಿ, ಆಮೇಲೆ ಟಿಪ್ಸ್

ಕೇಳುಗರಿಗೆ ನಮಸ್ಕಾರ. ವಿದೇಶ ಪ್ರವಾಸಕ್ಕೆ ಹೊರಟವರೆಲ್ಲ ನನ್ನನ್ನು ಕೇಳೋದು ಒಂದೇ ಪ್ರಶ್ನೆ: "ಅಲ್ಲಿ ಟಿಪ್ಸ್ ಎಷ್ಟು ಕೊಡಬೇಕು?" ಎಷ್ಟು ಅನ್ನೋದು ಆಮೇಲೆ. ಮೊದಲು ಬಿಲ್ ಓದಿ. ಒಟ್ಟು ಮೊತ್ತ ನೋಡಿದರೆ ಸಾಲದು, ಅದರ ಮೇಲಿನ ಸಾಲನ್ನೂ ಓದಿ.

ಪ್ರವಾಸಿಗರ ತಂಡ ಕರೆದುಕೊಂಡು ಹೋಗೋದೇ ನನ್ನ ಕೆಲಸ. ಒಮ್ಮೆ ಲಂಡನ್ನಿನಲ್ಲಿ ನಮ್ಮ ತಂಡದ ನಿವೃತ್ತ ಮೇಷ್ಟ್ರು, ಮಗಳು ಅಳಿಯನನ್ನೂ ಕರೆಸಿಕೊಂಡು ಒಂದು ರೆಸ್ಟೋರೆಂಟಿಗೆ ಹೋದರು. ಊಟಕ್ಕೆ 80 ಪೌಂಡ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸರ್ವಿಸ್ ಚಾರ್ಜ್, ಶೇಕಡಾ ಹನ್ನೆರಡೂವರೆ, 10 ಪೌಂಡ್. ಒಟ್ಟು 90. ಮೇಷ್ಟ್ರು ನೋಡಿದ್ದು 90 ಮಾತ್ರ. ಕಾರ್ಡ್ ಯಂತ್ರ ಟಿಪ್ಸ್ ಕೇಳಿತು. ಪಕ್ಕದಲ್ಲಿ ಹುಡುಗ ನಿಂತಿದ್ದಾನೆ, ಇಲ್ಲ ಅನ್ನೋಕೆ ಸಂಕೋಚ. ಶೇಕಡಾ 15 ಒತ್ತಿದರು. ಇನ್ನೂ ಹದಿಮೂರೂವರೆ ಪೌಂಡ್ ಹೋಯಿತು. ಸಂಜೆ ಜೇಬಿನಿಂದ ಬಿಲ್ ತೆಗೆದು ನನಗೆ ತೋರಿಸಿದಾಗ ಹೊಟ್ಟೆ ಉರಿಯಿತು. ಕೊಟ್ಟ ಟಿಪ್ಸನ್ನೇ ಮತ್ತೆ ಕೊಟ್ಟಿದ್ದರು! ಅಲ್ಲಿಗೇ ವಾಪಸ್ ಹೋಗಿ ಬಿಲ್ ಮುಂದಿಟ್ಟೆ. ಎರಡನೇ ಸಲದ್ದನ್ನು ಹಿಂದಿರುಗಿಸಿದರು. ಆ ಸರ್ವಿಸ್ ಚಾರ್ಜಿನ ಪಕ್ಕ ಐಚ್ಛಿಕ ಎಂದು ಬರೆದಿದ್ದರೆ ಅದನ್ನೂ ತೆಗೆಯಿರಿ ಅಂತ ಕೇಳಬಹುದು, ನಾಚಿಕೆ ಬೇಡ. ಆಮೇಲೆ ಮೇಷ್ಟ್ರು ಪ್ರತಿ ಬಿಲ್ಲನ್ನೂ ಉತ್ತರಪತ್ರಿಕೆ ತಿದ್ದುವ ಹಾಗೆ ಬೆರಳಿಟ್ಟು ಓದುತ್ತಿದ್ದರು. ನೀವೂ ಹಾಗೇ ಓದಿ.

ಅಮೆರಿಕದಲ್ಲೂ ಬಿಲ್ ಓದಿ. ಸಾಮಾನ್ಯವಾಗಿ ಸರ್ವಿಸ್ ಚಾರ್ಜಿನ ಸಾಲೇ ಇರೋದಿಲ್ಲ. ಆಗ ಶೇಕಡಾ 15ರಿಂದ 20 ಕೊಡಲೇಬೇಕು, ಜಿಪುಣತನ ಬೇಡ. ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್, 1991ರಿಂದ ಒಂದು ಸೆಂಟೂ ಏರಿಲ್ಲ. ನೀವು ಕೊಡೋದು ಅವರ ಸಂಬಳ. ಆದರೆ ದೊಡ್ಡ ಗುಂಪಾಗಿ ಹೋದರೆ ಬಿಲ್ಲಿನಲ್ಲೇ 'ಗ್ರಾಚ್ಯುಟಿ' ಸೇರಿಸಿರುತ್ತಾರೆ. ಅದು ನಿವೃತ್ತಿಯ ಹಣವಲ್ಲ, ಟಿಪ್ಸೇ.

ಸಮಯ ಮುಗೀತಾ ಬಂತು. ಫ್ರಾನ್ಸಿನಲ್ಲಿ ಸೇವೆಯ ಹಣ ತಿಂಡಿಯ ಬೆಲೆಯಲ್ಲೇ ಸೇರಿರುತ್ತದೆ. ಜಪಾನಿನ ಹೋಟೆಲುಗಳಲ್ಲಿ ಟಿಪ್ಸ್ ಕೊಡಲೇಬೇಡಿ, ಪಡೆಯುವವರಿಗೆ ಮುಜುಗರ. ಜರ್ಮನಿಯಲ್ಲಿ ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಬರಬೇಡಿ. ಬಿಲ್ 27 ಯೂರೋ ಆಗಿದ್ದರೆ, ಹಣ ಕೊಡುವಾಗಲೇ "ಮೂವತ್ತು" ಅನ್ನಿ, ಅಷ್ಟೇ ಹಿಡಿದುಕೊಳ್ಳುತ್ತಾರೆ. ನಮಸ್ಕಾರ.