ಗಾಳಿ ಪುಕ್ಕಟೆ, ಆಳು ಪುಕ್ಕಟೆ ಅಲ್ಲ

ಎಲ್ಲರಿಗೂ ನಮಸ್ಕಾರ. ಹಾಲೆಂಡಿನ ಗಾಳಿಗಿರಣಿಯನ್ನು ನೀವೆಲ್ಲ ಕ್ಯಾಲೆಂಡರಿನಲ್ಲಿ ನೋಡಿದ್ದೀರಿ. ಮುಂದೆ ಟುಲಿಪ್ ಹೂವು, ಮೇಲೆ ನೀಲಿ ಆಕಾಶ. ಅದರಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ! ನನ್ನ ತಕರಾರು ಇದೇ. ಗಾಳಿ ಪುಕ್ಕಟೆ, ಒಪ್ಪಿದೆ. ಅದನ್ನು ಕಾಯುವ ಆಳು ಪುಕ್ಕಟೆ ಅಲ್ಲ.

ರಾಟರ್‌ಡ್ಯಾಮ್ ಹತ್ತಿರದ ಕಿಂಡರ್‌ಡೈಕ್ ಹಳ್ಳಿಯಲ್ಲಿ 19 ಗಿರಣಿಗಳಿವೆ. ಹೆಚ್ಚಿನವು 1738 ಮತ್ತು 1740ರಲ್ಲಿ ಕಟ್ಟಿದವು. ಹಿಟ್ಟು ಬೀಸಲು ಅಲ್ಲ, ನೀರೆತ್ತಲು. ಅಲ್ಲಿ ಹೊಲಗದ್ದೆ ನದಿಗಿಂತ ತಗ್ಗು. ನಿಂತ ನೀರನ್ನು ದೊಡ್ಡ ಚಕ್ರದಿಂದ ಮೊಗೆದು ಮೇಲಿನ ಕಾಲುವೆಗೆ ಹಾಕಬೇಕು, ಅಲ್ಲಿಂದ ಲೆಕ್ ನದಿಗೆ ಬಿಡಬೇಕು.

ಗಿರಣಿಯವನ ಸಂಸಾರ ಗಿರಣಿಯ ಒಳಗೇ. ಒಲೆ, ಹಾಸಿಗೆ, ಮಕ್ಕಳು, ತಲೆ ಮೇಲೆ ಗಡಗಡ ಹಲ್ಲುಗಾಲಿ. ಹೊರಗೆ ರೆಕ್ಕೆಗಳು ನೆಲಕ್ಕೆ ಸುಮಾರು ಒಂದು ಅಡಿಯಷ್ಟು ಹತ್ತಿರ ಬರುತ್ತವೆ. ಬಾಗಿಲ ಮುಂದೆಯೇ ರೆಕ್ಕೆ ಸುತ್ತುತ್ತಿದ್ದರೆ ಹೊರಗೆ ಕಾಲಿಡುವುದು ಹೇಗೆ? ಅದಕ್ಕೇ ಎದುರುಬದುರು ಎರಡು ಬಾಗಿಲು. ಒಂದರ ಮುಂದೆ ರೆಕ್ಕೆ ಬಂದರೆ ಇನ್ನೊಂದರಿಂದ ಓಡಾಟ. ಅಂಬೆಗಾಲಿಡುವ ಕೂಸಿಗೆ ಇದನ್ನು ಹೇಗೆ ತಿಳಿಸುತ್ತೀರಿ, ಹೇಳಿ. ಆ ತಾಯಂದಿರ ಎದೆ ಎಷ್ಟು ಸಲ ಧಸಕ್ಕೆಂದಿರಬೇಕು!

ಗಾಳಿ ದಿಕ್ಕು ಬದಲಿಸಿತು ಅಂದರೆ ಗಿರಣಿಯವನು ಏಳಲೇಬೇಕು. ಮೇಲಿನ ತಲೆಯಿಂದ ಹಿಂದಕ್ಕೆ ಇಳಿಬಿದ್ದ ಉದ್ದನೆಯ ತೊಲೆ, ಅದರ ಬುಡದಲ್ಲೊಂದು ರಾಟೆ. ಕೈಯಲ್ಲಿ ಆಗದಿದ್ದರೆ ರಾಟೆಯ ಕಡ್ಡಿಗಳ ಮೇಲೆ ಕಾಲಿಟ್ಟು, ಮೈಭಾರ ಹಾಕಿ ತಿರುಗಿಸಬೇಕು. ಆಗ ಗಿರಣಿಯ ತಲೆ ತಿರುಗಿ ರೆಕ್ಕೆಗಳು ಗಾಳಿಗೆ ಎದುರಾಗುತ್ತವೆ. ಆಮೇಲೆ ರೆಕ್ಕೆ ಹತ್ತಿ ಹಾಯಿಬಟ್ಟೆ ಹರಡಬೇಕು. ಗಾಳಿ ಜಾಸ್ತಿಯಾದರೆ ಮತ್ತೆ ಹತ್ತಿ ಸುತ್ತಿಡಬೇಕು. ತಡ ಮಾಡಿ ಬಿರುಗಾಳಿಯಲ್ಲಿ ಬ್ರೇಕ್ ಹಾಕಿದರೆ ಮರಕ್ಕೆ ಮರ ಉಜ್ಜಿ ಬೆಂಕಿಯೇ ಹೊತ್ತಿಕೊಳ್ಳಬಹುದು. ಗಂಡ ಹೊರಗೆ ದುಡಿಯಲು ಹೋದ ದಿನ ಇಷ್ಟೂ ಕೆಲಸ ಹೆಂಡತಿಯ ಪಾಲು. ಆಕೆಗೆ ಬೇರೆ ಕೂಲಿ ಅಂತ ಕೊಟ್ಟವರು ಯಾರು? ಗಾಳಿ ಪುಕ್ಕಟೆ ಅನ್ನುವವರು ಈ ಲೆಕ್ಕ ಬರೆದಿಲ್ಲ. ಬರುವ ಸಂಬಳ ಸಾಲದೆ ಕಾಲುವೆಯಲ್ಲಿ ಮೀನು, ಹಿತ್ತಲಲ್ಲಿ ತರಕಾರಿ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ರೆಕ್ಕೆ ನಿಲ್ಲಿಸಿದ ರೀತಿ ನೋಡಿಯೇ ಊರಿಗೆ ಸುದ್ದಿ ಗೊತ್ತಾಗುತ್ತಿತ್ತು. ಮೇಲಿನ ರೆಕ್ಕೆ ನೆತ್ತಿಗೆ ಬರುವ ತುಸು ಮುಂಚೆ ನಿಲ್ಲಿಸಿದ್ದರೆ ಮದುವೆಯೋ ಮಗುವೋ. ದಾಟಿಸಿ ನಿಲ್ಲಿಸಿದ್ದರೆ ಸಾವು. ಆಗಿನ ವಾಟ್ಸಾಪ್ ಸ್ಟೇಟಸ್ ಅನ್ನಿ. 2014ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಹೊರಟ ಎಂಎಚ್17 ವಿಮಾನ ಬಿದ್ದಾಗ ನೆದರ್‌ಲೆಂಡ್ಸಿನ ಎಷ್ಟೋ ಗಿರಣಿಗಳು ಹೀಗೇ ಸೂತಕದಲ್ಲಿ ನಿಂತವು.

ಚೀಟಿ ಬಂತು, ಐದೇ ನಿಮಿಷವಂತೆ. ಯುನೆಸ್ಕೊ ವಿಚಾರ ಸುಮ್ನೆ ಮುಟ್ಟಿ ಬಿಡುತ್ತೇನೆ. 1868ರಲ್ಲಿ ಉಗಿ ಪಂಪು ಬಂತು. ಆದರೂ ಎರಡನೇ ಮಹಾಯುದ್ಧದಲ್ಲಿ ಇಂಧನಕ್ಕೆ ತತ್ವಾರವಾದಾಗ ಹಳೇ ಗಿರಣಿಗಳೇ ಕೈಹಿಡಿದವು. 1997ರಲ್ಲಿ ಕಿಂಡರ್‌ಡೈಕ್ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗಿರಣಿ ನಡೆಸುವ ಕಸುಬು ಯುನೆಸ್ಕೊದ ಪಟ್ಟಿ ಸೇರಿದ್ದು 2017ರಲ್ಲಿ. ಮರಕ್ಕೆ ಮೊದಲು, ಮನುಷ್ಯನಿಗೆ ಇಪ್ಪತ್ತು ವರ್ಷ ಆಮೇಲೆ! ಅಲ್ವಾ?

ಕಸುಬು ಅಳಿಯದೆ ಉಳಿಯಲು 1972ರಲ್ಲಿ ಶುರುವಾದ ಸ್ವಯಂಸೇವಕ ಗಿರಣಿಗಾರರ ಸಂಘವೂ ಒಂದು ಕಾರಣ. ಕಲಿಯಲು ಬಂದವರು ಕನಿಷ್ಠ 150 ಗಂಟೆ ಗಿರಣಿಯಲ್ಲಿ ದುಡಿದು ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯಲ್ಲಿ ಏನೇನು ಕೇಳುತ್ತಾರೆ ಅಂತ ಹೇಳುವ ಆಸೆಯಿತ್ತು. ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೇಕಾದವರು ಚಹಾ ಕುಡಿಯುವಾಗ ಬಂದು ಕೇಳಿ.