ರೋಮ್‌ಗೆ ಹೋದ ಪತ್ರದ ಕೊನೇ ಪುಟ

ಕೇಳುಗರಿಗೆಲ್ಲ ನಮಸ್ಕಾರ. ಬೈಬಲ್ ಓದೋರು ಸಾಮಾನ್ಯವಾಗಿ ಹಾರಿಸಿಬಿಡೋ ಒಂದು ಅಧ್ಯಾಯದ ಬಗ್ಗೆ ಇವತ್ತು ಮಾತಾಡ್ತೀನಿ. ಯೇಸುವಿನ ಸುದ್ದಿಯನ್ನ ಊರೂರಿಗೆ ಸಾರಿದ ಪೌಲ ರೋಮ್ ನಗರದ ವಿಶ್ವಾಸಿಗಳಿಗೆ ಬರೆದ ಪತ್ರ ಇದೆಯಲ್ಲ, ಅದರ 16ನೇ ಅಧ್ಯಾಯ. ಹದಿನೈದು ಅಧ್ಯಾಯ ಪಾಪ, ಕೃಪೆ, ನಂಬಿಕೆ ಅಂತ ಭಾರವಾದ ವಿಚಾರ ಆಡಿ, ಕೊನೆಗೆ ಬಂದು ಅವರಿಗೆ ವಂದನೆ ಹೇಳಿ ಇವರಿಗೆ ವಂದನೆ ಹೇಳಿ ಅಂತ ಒಂದೇ ಸಮ ಹೆಸರು ಹೇಳ್ತಾ ಹೋಗ್ತಾನೆ, ಉಚ್ಚಾರಣೆಗೂ ಕಷ್ಟದ ಹೆಸರುಗಳು, ಹಾಗಾಗಿ ಚರ್ಚಲ್ಲಿ ಅದನ್ನ ಪೂರ್ತಿ ಓದಿಸೋದು ಕಡಿಮೆ. ನನಗೆ ಮಾತ್ರ ಆ ಹದಿನೈದು ಅಧ್ಯಾಯದ ಮಾತು ಕೆಲಸಕ್ಕೆ ಬರೋದೇ ಇಲ್ಲಿ ಅನ್ಸುತ್ತೆ, ಯಾಕೆ ಅಂತ ಹೇಳ್ತೀನಿ.

ಕ್ರಿ.ಶ. 57ರ ಆಸುಪಾಸು. ಪೌಲ ಗ್ರೀಸಿನ ಕೊರಿಂಥದಲ್ಲಿ ಗಾಯ ಅನ್ನೋರ ಮನೇಲಿ ಇಳ್ಕೊಂಡಿದ್ದಾನೆ. ಜೆರುಸಲೇಮಿನ ಬಡವರಿಗೆ ಅಂತ ಕೂಡಿಸಿದ ಹಣ ಅಲ್ಲಿಗೆ ತಲುಪಿಸಬೇಕು, ಆಮೇಲೆ ರೋಮ್, ರೋಮ್ ದಾಟಿ ಸ್ಪೇನ್, ಇದು ಅವನ ಪ್ಲಾನು. ಆದರೆ ರೋಮ್ ಸಭೆಯನ್ನ, ಅಂದರೆ ಅಲ್ಲಿನ ವಿಶ್ವಾಸಿಗಳ ಕೂಟವನ್ನ, ಕಟ್ಟಿದ್ದು ಅವನಲ್ಲ, ಆ ಊರಿಗೆ ಅವನು ಒಂದು ಸಲಾನೂ ಹೋಗಿಲ್ಲ. ಹೋಗದೇ ಇರೋ ಊರಿಗೆ ಬರೆದ ಪತ್ರದಲ್ಲೇ ಅವನ ಅತಿ ಉದ್ದದ ವಂದನೆ ಪಟ್ಟಿ ಇದೆ ನೋಡಿ! ಹೆಸರು ಹಿಡಿದು ಇಪ್ಪತ್ನಾಲ್ಕು ಜನ, ಹೆಸರು ಹೇಳದೆ ಇನ್ನಿಬ್ಬರು ಹೆಂಗಸರು, ಅದರ ಮೇಲೆ ಅರಿಸ್ತೊಬೂಲನ ಮನೆಯವರು, ನಾರ್ಕಿಸ್ಸನ ಮನೆಯವರು.

ಆಗಿನ ಕಾಲದಲ್ಲಿ ಕಾಗದದ ಕೊನೇಲಿ ಹೀಗೆ ವಂದನೆ ಬರೆಯೋದು ಎಲ್ಲರ ರೂಢಿ. ಎರಡನೇ ಶತಮಾನದ ಒಂದು ಕಾಗದ ಈಜಿಪ್ಟಿನ ಮರಳಲ್ಲಿ ಉಳ್ಕೊಂಡು ಈಗ ಬರ್ಲಿನ್‌ನಲ್ಲಿದೆ, ಅಪಿಯೋನ್ ಅನ್ನೋ ಹುಡುಗ ರೋಮನ್ನರ ನೌಕಾಪಡೆಗೆ ಸೇರಿ ಇಟಲಿಯ ಮಿಸೇನುಮ್ ಬಂದರಿಗೆ ಬಂದಿಳಿದು ಅಪ್ಪ ಎಪಿಮಾಕನಿಗೆ ಬರೆದದ್ದು. ಸಮುದ್ರದಲ್ಲಿ ಅಪಾಯ ಬಂದಾಗ ದೇವರು ಕಾಪಾಡಿದ, ಖರ್ಚಿಗೆ ಮೂರು ಚಿನ್ನದ ನಾಣ್ಯ ಸಿಕ್ತು, ನನ್ನ ಚಿತ್ರ ಒಂದು ಕಳಿಸ್ತಿದ್ದೀನಿ ಅಂತೆಲ್ಲ ಬರೆದು, ಕಪಿತೋನನಿಗೆ ವಂದನೆ, ಅಣ್ಣತಮ್ಮ ಅಕ್ಕತಂಗಿಗೆ, ಸೆರೆನಿಲ್ಲಳಿಗೆ, ಗೆಳೆಯರಿಗೆ ವಂದನೆ ಅಂತ ಮುಗಿಸ್ತಾನೆ. ಜಾಗ ಸಾಲದೆ ಅವನ ಜೊತೆಗಾರರ ವಂದನೆಗಳು ಪಕ್ಕದ ಅಂಚಿನಲ್ಲಿ ಅಡ್ಡಡ್ಡ ಇವೆ, ಥೇಟ್ ನಮ್ಮ ಇನ್‌ಲ್ಯಾಂಡ್ ಲೆಟರಿನ ಮಡಿಕೆ ಮೇಲೆ ದೊಡ್ಡವರಿಗೆ ನಮಸ್ಕಾರ ಚಿಕ್ಕವರಿಗೆ ಆಶೀರ್ವಾದ ಅಂತ ತುರುಕ್ತಿದ್ದ ಹಾಗೆ. ಪೌಲ ಹಿಡಿದಿದ್ದು ಇದೇ ರೂಢಿನ, ಆದರೆ ಬೇರೆಯದೇ ಕೆಲಸಕ್ಕೆ ಬಳಸ್ಕೊಂಡ.

ಪಟ್ಟಿ ಶುರುವಾಗೋ ಮುಂಚೆ ಫೊಯಿಬೆ ಬರ್ತಾಳೆ. ಕೊರಿಂಥದ ಪೂರ್ವಕ್ಕಿರೋ ಬಂದರು ಕೆಂಖ್ರೆಯ, ಅಲ್ಲಿನ ಸಭೆಯ ಸೇವಕಿ, ಅನೇಕರಿಗೆ ಆಸರೆಯಾದವಳು, ನನಗೂ ಆಸರೆಯಾದವಳು ಅಂತಾನೆ ಪೌಲ, ಅವಳನ್ನ ಬರಮಾಡ್ಕೊಳ್ಳಿ, ಏನು ಬೇಕೋ ಸಹಾಯ ಮಾಡಿ ಅಂತಾನೆ. ಈ ಪತ್ರ ರೋಮ್‌ಗೆ ತಗೊಂಡು ಹೋದದ್ದು ಇವಳೇ ಅಂತ ಹೆಚ್ಚಿನ ಪಂಡಿತರ ಅಭಿಪ್ರಾಯ, ನನಗೂ ಅದೇ ಸರಿ ಅನ್ಸುತ್ತೆ, ಇಲ್ಲದಿದ್ರೆ ಈ ಜಾಗದಲ್ಲಿ ಈ ಶಿಫಾರಸು ಯಾಕೆ?

ಆಮೇಲೆ ಪ್ರಿಸ್ಕ ಮತ್ತು ಅಕ್ವಿಲ, ಗುಡಾರ ಮಾಡೋ ಕಸುಬಿನ ಯೆಹೂದಿ ಗಂಡಹೆಂಡತಿ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನ ರೋಮ್‌ನಿಂದ ಓಡಿಸಿದಾಗ ಕೊರಿಂಥಕ್ಕೆ ಬಂದು ಪೌಲನ ಜೊತೆ ಕೆಲಸ ಮಾಡ್ತಾ ಇದ್ದೋರು, ಆಮೇಲೆ ಎಫೆಸಕ್ಕೆ ಹೋದೋರು. ಕ್ಲೌದಿಯ 54ರಲ್ಲಿ ಸತ್ತ, ಈಗ ಇವರು ಮತ್ತೆ ರೋಮ್‌ನಲ್ಲಿ, ಇವರ ಮನೇಲೇ ಒಂದು ಸಭೆ ಕೂಡುತ್ತೆ. ಪೌಲನಿಗೆ ಕಾಣದ ಊರಲ್ಲಿ ಇಷ್ಟು ಜನ ಪರಿಚಯ ಹೇಗೆ ಅಂತ ಕೇಳ್ತಾರೆ, ಹೀಗೆ ಊರು ಬಿಟ್ಟು ತಿರುಗಿ ಬಂದೋರನ್ನ ನೆನೆಸ್ಕೊಂಡರೆ ಅದು ಅಷ್ಟೇನೂ ಕಷ್ಟದ ಪ್ರಶ್ನೆ ಅಲ್ಲ.

ಈ ಪತ್ರ ಸಭೇಲಿ ಗಟ್ಟಿಯಾಗಿ ಓದಿ ಹೇಳ್ತಿದ್ದದ್ದು. ಪೌಲ ಇಲ್ಲಿ ನಾನು ಅವರಿಗೆ ವಂದನೆ ಹೇಳ್ತೀನಿ ಅನ್ನಲ್ಲ, ನೀವು ಹೋಗಿ ಹೇಳಿ ಅಂತಾನೆ, ಕೇಳ್ತಾ ಕೂತ ಅಷ್ಟೂ ಜನಕ್ಕೆ. ರೋಮ್‌ನಲ್ಲಿ ಎಲ್ಲರೂ ಸೇರೋ ಒಂದು ದೊಡ್ಡ ಚರ್ಚು ಆಗ ಇರಲಿಲ್ಲ, ಪ್ರಿಸ್ಕಳ ಮನೆ ಒಂದು ಕಡೆ, ಅಸುಂಕ್ರಿತ ಫ್ಲೆಗೋನರ ಜೊತೆ ಇದ್ದೋರು ಇನ್ನೊಂದು ಕಡೆ, ಫಿಲೊಲೊಗ ಮತ್ತು ಯೂಲ್ಯರ ಜೊತೆ ಇನ್ನೊಂದು ಗುಂಪು. ಇವರ ಮಧ್ಯೆ ಜಗಳವೂ ಇತ್ತು, ಮಾಂಸ ತಿನ್ನಬಹುದಾ ಬಾರದಾ, ಆ ದಿನ ದೊಡ್ಡದಾ ಈ ದಿನ ದೊಡ್ಡದಾ ಅಂತ, 14ನೇ ಅಧ್ಯಾಯ ತುಂಬ ಅದೇ ಮಾತು. ಒಬ್ಬರನ್ನೊಬ್ಬರು ಸೇರಿಸ್ಕೊಳ್ಳಿ ಅಂತ ಪೌಲ ಬುದ್ಧಿ ಹೇಳಿದ್ದಾಯ್ತು. ಈಗ ಆ ಗುಂಪಿನವರ ಹೆಸರು ಹಿಡಿದು ಹೋಗಿ ವಂದಿಸಿ ಅಂದರೆ ಹೋಗಲೇಬೇಕಲ್ಲ, ಮಾಂಸ ತಿನ್ನೋನು ತರಕಾರಿ ಮಾತ್ರ ತಿನ್ನೋನ ಬಾಗಿಲಿಗೆ ಹೋಗಬೇಕು. ಸಾಲದು ಅಂತ, ಪವಿತ್ರವಾದ ಮುದ್ದಿಟ್ಟು ವಂದಿಸಿ ಅಂತ ಬೇರೆ ಸೇರಿಸ್ತಾನೆ. ಇವತ್ತು ನಮ್ಮ ಕಡೆ ಪೂಜೆಯ ನಡುವೆ ಪಕ್ಕದವರ ಕಡೆ ತಿರುಗಿ ಕೈಮುಗಿದು ಸಮಾಧಾನ ಹೇಳ್ತೀವಲ್ಲ, ಅದರ ಬೇರು ಹೋಗಿ ಮುಟ್ಟೋದು ಈ ಮಾತಿಗೇ.

ಮತ್ತೆ ಆ ಹೆಸರುಗಳು ಎಂಥವು ಅಂತ ನೋಡಿ. ಅಂಪ್ಲಿಯಾತ, ಹೆರ್ಮೆ, ಪೆರ್ಸೀಸ, ರೋಮ್‌ನ ಶಾಸನಗಳಲ್ಲಿ ಗುಲಾಮರಿಗೆ, ಬಿಡುಗಡೆಯಾದ ಗುಲಾಮರಿಗೆ ಇಂಥ ಹೆಸರು ಬೇಕಾದಷ್ಟು ಸಿಗುತ್ತೆ. ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ ಈ ನಾಲ್ವರನ್ನ ಕಷ್ಟಪಟ್ಟು ದುಡಿದೋರು ಅಂತ ಹೊಗಳ್ತಾನೆ, ನಾಲ್ವರೂ ಹೆಂಗಸರು. ಯೂನ್ಯಳನ್ನ ಅಪೊಸ್ತಲರಲ್ಲಿ, ಅಂದರೆ ಯೇಸುವಿನ ಸುದ್ದಿ ಸಾರೋಕೆ ಕಳಿಸಲ್ಪಟ್ಟೋರಲ್ಲಿ, ಪ್ರಸಿದ್ಧಳು ಅಂತಾನೆ, ಅವಳು ಹೆಂಗಸಾಗಿರೋಕೆ ಸಾಧ್ಯವೇ ಇಲ್ಲ ಅಂತ ಮುಂದೆ ಎಷ್ಟೋ ಜನ ಆ ಹೆಸರನ್ನ ಗಂಡಸಿನದು ಮಾಡಿಟ್ಟರು, ಆದರೆ ನಾಲ್ಕನೇ ಶತಮಾನದಲ್ಲೇ ಕ್ರಿಸೊಸ್ತೊಮ ಅನ್ನೋ ಹೆಸರಾಂತ ಬೋಧಕ ಅವಳನ್ನ ಹೆಂಗಸು ಅಂತಾನೇ ತಿಳ್ಕೊಂಡು ಬಾಯ್ತುಂಬ ಹೊಗಳಿದ್ದಾನೆ. ನನಗೆ ಎಲ್ಲಕ್ಕಿಂತ ಹತ್ತಿರ ಅನ್ಸೋದು ರೂಫನ ತಾಯಿ. ರೂಫನಿಗೆ ವಂದನೆ, ಅವನ ತಾಯಿಗೂ, ಅವಳು ನನಗೂ ತಾಯಿ. ಅಷ್ಟೇ ಹೇಳ್ತಾನೆ. ಯಾವ ಊರಲ್ಲಿ, ಯಾವ ಕಷ್ಟದಲ್ಲಿ ಆ ತಾಯಿ ಇವನಿಗೆ ಊಟ ಹಾಕಿದ್ದಳೋ!

ಆಮೇಲೆ ಕೊರಿಂಥದ ಕಡೆಯಿಂದ ವಂದನೆ ಬರುತ್ತೆ, ತಿಮೊಥೆಯ, ಗಾಯ, ಪಟ್ಟಣದ ಖಜಾಂಚಿ ಎರಸ್ತ. ಮಧ್ಯದಲ್ಲಿ ಇದ್ದಕ್ಕಿದ್ದ ಹಾಗೆ ಬೇರೆ ದನಿ: ಈ ಪತ್ರಿಕೆಯನ್ನು ಬರೆದ ತೆರ್ತಿಯನಾದ ನಾನೂ ನಿಮಗೆ ವಂದನೆ ಹೇಳ್ತೀನಿ. ಪೌಲ ಬಾಯಲ್ಲಿ ಹೇಳ್ತಾ ಹೋದದ್ದನ್ನ ಅಷ್ಟೂ ಕೂತು ಬರ್ಕೊಂಡ ಲಿಪಿಕಾರ, ಅವನಿಗೂ ಒಂದು ಸಾಲು ಸಿಕ್ತು.

ಕೃಪೆಯ ಆಶೀರ್ವಾದ ಪೌಲನ ಪ್ರತಿ ಪತ್ರದ ಕೊನೇಲೂ ಇದ್ದೇ ಇರುತ್ತೆ. ಗ್ರೀಕರ ಕಾಗದದಲ್ಲಿ ಸೌಖ್ಯವಾಗಿರಿ ಅಂತ ಬರೀತಿದ್ದ ಜಾಗಕ್ಕೆ ಅವನು ನಮ್ಮ ಕರ್ತನ ಕೃಪೆ ನಿಮ್ಮ ಸಂಗಡ ಇರಲಿ ಅಂತ ತಂದಿಟ್ಟ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಆ ಕೊನೇ ವಾಕ್ಯವನ್ನೇ ಭಾನುವಾರ ಆರಾಧನೆ ಮುಗಿಯುವಾಗ ನಮ್ಮ ಅಯ್ಯನವರು ಕೈಯೆತ್ತಿ ಹೇಳೋದು.

ರೋಮ್ ಪತ್ರಕ್ಕೆ ಇದೂ ಕೊನೆಯಲ್ಲ, ಇದಾದ ಮೇಲೆ ಒಂದು ಉದ್ದದ ಸ್ತೋತ್ರ ಇದೆ, ಜ್ಞಾನಿಯಾಗಿರೋ ಒಬ್ಬನೇ ದೇವರಿಗೆ ಯೇಸು ಕ್ರಿಸ್ತನ ಮೂಲಕ ಮಹಿಮೆ, ಆಮೆನ್ ಅಂತ. ಈ ಸ್ತೋತ್ರ ಒಂದು ಕಡೆ ನಿಲ್ಲಲ್ಲ, ಕೆಲವು ಹಸ್ತಪ್ರತಿಗಳಲ್ಲಿ 14ನೇ ಅಧ್ಯಾಯದ ಕೊನೇಲಿ ಇದೆ, ಪೌಲನ ಪತ್ರಗಳ ಹಸ್ತಪ್ರತಿ, ಸುಮಾರು 200ನೇ ಇಸವಿಯದು ಅನ್ನೋ ಪಪೈರಸ್ 46ರಲ್ಲಿ 15ರ ಕೊನೇಲಿ, ಹಲವು ಹಳೇ ಪ್ರತಿಗಳಲ್ಲಿ 16ರ ಕೊನೇಲಿ. ಎರಡನೇ ಶತಮಾನದಲ್ಲಿ ಸಭೆಯಿಂದ ಬೇರೆಯಾಗಿ ತನ್ನದೇ ಪಂಥ ಕಟ್ಟಿದ ಮಾರ್ಸಿಯೋನ್ ಕೊನೇ ಎರಡು ಅಧ್ಯಾಯವನ್ನ ಕತ್ತರಿಸಿ ಹಾಕಿದ್ದ ಅಂತ ಮೂರನೇ ಶತಮಾನದ ಪಂಡಿತ ಒರಿಗೇನ ಬರೆದಿದ್ದಾನೆ. ಅಂದರೆ ಈ ಹೆಸರುಗಳಿಲ್ಲದ ಪತ್ರವೂ ಊರೂರು ತಿರುಗಿದೆ. ಆದರೂ ಪಪೈರಸ್ 46 ನಕಲು ಮಾಡಿದೋನು 15ಕ್ಕೆ ಸ್ತೋತ್ರ, ಆಮೆನ್ ಎರಡೂ ಬರೆದ ಮೇಲೂ ನಿಲ್ಲಿಸಲಿಲ್ಲ, ಫೊಯಿಬೆಯಿಂದ ಶುರುಮಾಡಿ ತಾನು ಕಂಡಿರದ ಆ ರೋಮ್ ಜನರನ್ನೆಲ್ಲ ಒಬ್ಬೊಬ್ಬರಾಗಿ ಬರ್ಕೊಂಡು ಹೋದ.